ಸೈಕಲ್‌ರಾಯರ ಎರಡು ಮಾತು

ಬೆಂಗಳೂರಿನಲ್ಲಿ ಸೈಕಲ್ ಇರುವವರು ಬೇರೆ, ಸೈಕ್ಲಿಸ್ಟ್‌ಗಳು ಬೇರೆ. ಸೈಕಲ್ ಇರುವವರು ಮನೆಮನೆಗೆ ಪೇಪರ್ ಹಾಕುತ್ತಾರೆ, ಡೇರಿಗೆ ಹಾಲು ಹೊಯ್ಯುತ್ತಾರೆ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಿ ಮಲಗುತ್ತಾರೆ. 'ನೀವು ಸೈಕಲ್ಲಿಗೆ ಬಂದದ್ದು ಹೇಗೆ?' ಎಂದು ಅವರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ 'ಹತ್ತಿಕೊಂಡು ಬಂದೆ' ಎಂದಾರು. ಸೈಕ್ಲಿಸ್ಟ್‌ಗಳಿಗೆ ಆ ಪ್ರಶ್ನೆಯೇ ಪಂಚಪ್ರಾಣ. ಯಾರೂ ಕೇಳದಿದ್ದರೆ ತಾವೇ ಕೇಳಿಕೊಂಡು ಉತ್ತರ ಹೇಳುತ್ತಾರೆ.

ಅಂಥವರೊಬ್ಬರು ನನಗೆ ಗೊತ್ತು. ಸೈಕಲ್‌ರಾಯರು ಎಂದು ಕರೆಯೋಣ. ನಿಜವಾದ ಹೆಸರು ಬರೆದರೆ ಒಬ್ಬರು ಜಗಳಕ್ಕೆ ಬರುತ್ತಾರೆ. ಬರೆಯದಿದ್ದರೆ ನೂರು ಜನ 'ಇದು ನನ್ನ ಬಗ್ಗೆಯೇ' ಎಂದು ಹೆಮ್ಮೆಯಿಂದ ನಾಲ್ಕಾರು ಮಂದಿಗೆ ಓದಿ ಹೇಳುತ್ತಾರೆ. ವಯಸ್ಸು 47, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು, ಮನೆ ಸಹಕಾರನಗರದ ಕಡೆ, ಇಬ್ಬರು ಮಕ್ಕಳು, ಮೂರು ಸೈಕಲ್ಲು.

ಭಾನುವಾರ ಬೆಳಗಿನ ಜಾವ 5 ಗಂಟೆಗೆ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಅವರ ಗುಂಪು ಸೇರುತ್ತದೆ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಮೈಗೆ ಅಂಟಿದ ಬಣ್ಣಬಣ್ಣದ ಅಂಗಿ, ಕೂರುವ ಜಾಗಕ್ಕೆ ಮೆತ್ತೆ ಹೊಲಿದ ಚಡ್ಡಿ. ನೋಡಿದವರಿಗೆ ಸರ್ಕಸ್ ಕಂಪನಿಯೊಂದು ಡೇರೆ ಹಾಕುವ ಮೈದಾನ ಸಿಗದೆ ನಿಂತಿದೆ ಎನಿಸಬೇಕು. ಹೊರಡುವ ಮುನ್ನ ಹೊಸಬರು ಪರಿಚಯ ಹೇಳಿಕೊಳ್ಳುವುದು ಗುಂಪಿನ ಪದ್ಧತಿ. ಹೊಸಬರು ಒಬ್ಬರೇ ಬಂದಿದ್ದರೂ ಹಳಬರೆಲ್ಲ ತಮ್ಮ ತಮ್ಮ ಪರಿಚಯವನ್ನು ಮೊದಲಿನಿಂದ ಹೇಳಬೇಕು ಎಂಬ ಪದ್ಧತಿಯನ್ನು ಆಮೇಲೆ ಸೇರಿಸಿದವರು ರಾಯರು. 'ನಾನೇ ಶುರು ಮಾಡ್ತೀನಿ. ಸುಮ್ನೆ ಎರಡು ಮಾತು' ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದದ್ದೇ ಹಳಬರು ಸೈಕಲ್ಲುಗಳನ್ನು ಕಂಬಕ್ಕೆ ಒರಗಿಸಿ, ಹೆಲ್ಮೆಟ್ ತೆಗೆದು, ನೀರು ಕುಡಿಯುತ್ತಾರೆ.

ರಾಯರ ಕಥೆ 1817ರಲ್ಲಿ ಆರಂಭವಾಗುತ್ತದೆ. ಆ ವರ್ಷ ಜರ್ಮನಿಯ ಮನ್‌ಹೈಮ್ ಊರಿನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರದ ಮರದ ಗಾಡಿಯ ಮೇಲೆ ಕೂತು ಕಾಲಿನಿಂದ ನೆಲ ಒದ್ದುಕೊಂಡು ಹೋದ. ಆ ಗಾಡಿಗೆ ಪೆಡಲ್ ಇರಲಿಲ್ಲ. ರಾಯರು ಅದಕ್ಕೆ ಪೆಡಲ್ ಕೂಡಿಸುವ ಹೊತ್ತಿಗೆ ಮೊದಲ ವಿಮಾನನಿಲ್ದಾಣದ ಬಸ್ಸು ಹೋಗಿರುತ್ತದೆ. ಚೈನು ಹಾಕುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಹರಿಯುತ್ತದೆ. ಗಾಳಿ ತುಂಬಿದ ಟೈರು ಬಂದ ಮೇಲೆ ಇನ್ನೇನು, ಕಥೆ ಸರಾಗವಾಗಿ ಉರುಳಿ 1977ಕ್ಕೆ, ತಿಪಟೂರಿಗೆ, ಸ್ವತಃ ರಾಯರ ಜನನಕ್ಕೆ ಬಂದು ನಿಲ್ಲುತ್ತದೆ.

ಬಾಲ್ಯದ ಭಾಗವನ್ನು ಅವರು ಚೆನ್ನಾಗಿ ಹೇಳುತ್ತಾರೆ ಎನ್ನುವುದನ್ನು ಒಪ್ಪಬೇಕು. ಅಪ್ಪನದು ಅಟ್ಲಾಸ್ ಸೈಕಲ್ಲು. ಅಪ್ಪ ಮಧ್ಯಾಹ್ನ ಊಟ ಮಾಡಿ ಅಡ್ಡಾದಾಗ ಸದ್ದಿಲ್ಲದೆ ಸ್ಟ್ಯಾಂಡ್ ತೆಗೆದು, ಬೀದಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ, ಬಾರಿನ ಮೇಲೆ ಕಾಲು ದಾಟಿಸಲು ಎತ್ತರ ಸಾಲದೆ ಬಾರಿನ ಕೆಳಗೆ ಬಲಗಾಲು ತೂರಿಸಿ ಒಳಪೆಡಲ್ ತುಳಿದದ್ದು. ಸೊಂಟ ಒಂದು ಕಡೆ, ಸೈಕಲ್ಲು ಒಂದು ಕಡೆ, ದೃಷ್ಟಿ ಮೂರನೆಯ ಕಡೆ. ಆಮೇಲೆ ಬಾರ್ ಪೆಡಲ್, ಒಂದೆರಡು ವರ್ಷಕ್ಕೆ ಸೀಟಿಗೆ ಬಡ್ತಿ. ಅಪ್ಪನ ಸೈಕಲ್ ಸಿಗದ ದಿನ ಗಂಟೆಗೆ ಎಂಟಾಣೆಯ ಬಾಡಿಗೆ ಸೈಕಲ್ಲು. ಅಂಗಡಿಯವನು ಗೋಡೆ ಗಡಿಯಾರ ನೋಡಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಹೊತ್ತು ಬರೆಯುತ್ತಿದ್ದನಂತೆ. ಐದು ನಿಮಿಷ ತಡವಾದರೆ ಇನ್ನೊಂದು ನಾಲ್ಕಾಣೆ. ಇದನ್ನು ಹೇಳುವಾಗ ರಾಯರ ಮುಖದಲ್ಲಿ ಮ್ಯಾನೇಜರ್ ಕಾಣುವುದಿಲ್ಲ.

ತೊಂದರೆ ಇರುವುದು ಬೀಳುವ ಜಾಗದಲ್ಲಿ. ನಾನು ಮೊದಲು ಕೇಳಿದಾಗ ಅವರು ಬಿದ್ದದ್ದು ಮನೆಯ ಮುಂದಿನ ಚರಂಡಿಗೆ. ಕೆಲವು ತಿಂಗಳ ಮೇಲೆ ಅದು ತೋಟದ ಕಾಲುವೆ ಆಯಿತು. ಈಗ ಕೆರೆ ಏರಿಯ ಮೇಲಿಂದ ಬೀಳುತ್ತಾರೆ. ಪುಣ್ಯಕ್ಕೆ ಅದು ಬೇಸಿಗೆ, ಕೆರೆಯಲ್ಲಿ ನೀರಿಲ್ಲ.

ಅಲ್ಲಿಂದ ಮುಂದಿನ 25 ವರ್ಷಗಳನ್ನು 'ಆಮೇಲೆ ಇಂಜಿನಿಯರಿಂಗು, ಕೆಲಸ, ಮದುವೆ, ಹೋಮ್‌ಲೋನು' ಎಂದು ಒಂದೇ ಉಸಿರಿಗೆ ದಾಟಿ ರಾಯರು ರಕ್ತಪರೀಕ್ಷೆಯ ವರದಿಗೆ ಬರುತ್ತಾರೆ. ಬೆಂಗಳೂರಿನ ಸೈಕ್ಲಿಸ್ಟ್‌ಗಳಲ್ಲಿ ಮುಕ್ಕಾಲು ಪಾಲು ಜನರಿಗೆ ದೀಕ್ಷೆ ಕೊಟ್ಟದ್ದು ಈ ವರದಿ. 'ಟ್ರೈಗ್ಲಿಸರೈಡ್ 312 ಸಾರ್!' ಎಂದು ರಾಯರು ಹೇಳುವ ಧಾಟಿ ಕೇಳಿದರೆ ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕ್ ಬಂದಂತಿರುತ್ತದೆ. ಡಾಕ್ಟರು ಹೇಳಿದ್ದು ದಿನಾ ಅರ್ಧ ಗಂಟೆ ನಡೆಯಿರಿ ಎಂದು. ನಡೆಯುವುದಕ್ಕೆ ಬೇಕಾದ ಎರಡು ಕಾಲು, ಒಂದು ಜೊತೆ ಚಪ್ಪಲಿ ಮನೆಯಲ್ಲೇ ಇದ್ದವು. ಖರ್ಚಿಲ್ಲದ ಔಷಧಿಯ ಮೇಲೆ ರಾಯರಿಗೆ ನಂಬಿಕೆ ಬರಲಿಲ್ಲ.

ಅದು 2020. ಲಾಕ್‌ಡೌನ್ ಸಡಿಲವಾದದ್ದೇ ಊರಿನ ಮ್ಯಾನೇಜರುಗಳೆಲ್ಲ ಸೈಕಲ್ ಅಂಗಡಿಗೆ ನುಗ್ಗಿ, ಸ್ಟಾಕ್ ಮುಗಿದು, ಮುಂಗಡ ಕಟ್ಟಿ ತಿಂಗಳುಗಟ್ಟಲೆ ಕಾದ ಕಾಲ. ರಾಯರ ಅಪ್ಪ ತುಳಿದ ಅಟ್ಲಾಸ್ ಇತ್ತಲ್ಲ, ಆ ಕಂಪನಿ ದೆಹಲಿ ಬಳಿಯ ಸಾಹಿಬಾಬಾದಿನ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿದ್ದೂ ಅದೇ ವರ್ಷ. ಅದೂ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದು. ಇಂಥ ಕಾಕತಾಳೀಯವನ್ನು ಕಥೆಗಾರ ಬರೆದಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು. ರಾಯರ ಪರಿಚಯದಲ್ಲಿ ಇದು ಬರುವುದಿಲ್ಲ. ಅವರು ಆ ಹೊತ್ತಿಗೆ ಕಾರ್ಬನ್ ಫ್ರೇಮಿನ ವಿಚಾರದಲ್ಲಿ ಮುಳುಗಿದ್ದರು.

ಈ ಪರಿಚಯ ಹೆಬ್ಬಾಳದ ಪಾಠ. ರಾಯರಲ್ಲಿ ಪಾಠಾಂತರಗಳೂ ಇವೆ. ಕಂಪನಿಯ ದೊಡ್ಡವರ ಮುಂದೆ ಸೈಕಲ್ ಅವರಿಗೆ ಶಿಸ್ತು ಕಲಿಸಿದೆ. ಹೊಸದಾಗಿ ಸೇರಿದ ಹುಡುಗರ ಮುಂದೆ ಅವರು ಭೂಮಿಯ ಉಷ್ಣತೆ ಕಂಡು ಮರುಗಿ ಪೆಡಲ್ ತುಳಿಯಲು ಶುರುಮಾಡಿದವರು. ಈ ಪಾಠ ಹೇಳುವ ದಿನ ಹೆಬ್ಬಾಳಕ್ಕೆ ಸೈಕಲ್ಲನ್ನು ಡೀಸೆಲ್ ಕಾರಿನ ಬೆನ್ನಿಗೆ ಕಟ್ಟಿಕೊಂಡು ಬಂದಿರುತ್ತಾರೆ. ಅತ್ತೆಯ ಮುಂದೆ ಮಾತ್ರ ಸಕ್ಕರೆ ಕಾಯಿಲೆಯ ಪಾಠ. ಅಳಿಯ ಬೆಳಿಗ್ಗೆ ನಾಲ್ಕಕ್ಕೆದ್ದು ಚಡ್ಡಿ ಹಾಕಿಕೊಂಡು ಬೀದಿಗೆ ಹೋಗುವುದಕ್ಕೆ ಬೇರೆ ಯಾವ ಸಮಜಾಯಿಷಿಯೂ ಆ ವಯಸ್ಸಿನವರಿಗೆ ಒಪ್ಪಿಗೆಯಾಗುವುದಿಲ್ಲ.

ಅಧಿಕೃತ ಪಾಠ ಇರುವುದು ಅವರ ಮನೆಯವರ ಬಳಿ. ಒಂದು ಸಂಜೆ ಕಾಫಿ ಕೊಡುತ್ತಾ ಹೇಳಿದರು: 'ಇವರು ಎಲ್ಲಿ ಸೈಕಲ್ಲಿಗೆ ಬಂದರು? ಸೈಕಲ್ಲೇ ನಮ್ಮ ಮನೆಗೆ ಬಂತು, ರಟ್ಟಿನ ಡಬ್ಬದಲ್ಲಿ. ಏನ್ರೀ ಇದು ಅಂದೆ. ಮಗನ ಬರ್ತ್‌ಡೇಗೆ ಅಂದರು. ಮಗನ ಕಾಲು ಪೆಡಲಿಗೆ ಎಟುಕೋದೇ ಇಲ್ಲ. ಬೆಳೀತಾನೆ ಬಿಡು ಅಂದರು. ಎಷ್ಟು ಕೊಟ್ಟಿರಿ ಅಂದೆ. ಹದಿನೆಂಟು ಅಂದರು. ಹದಿನೆಂಟರ ಹಿಂದೆ ಒಂದು ಲಕ್ಷ ನಿಂತಿದೆ ಅಂತ ಹೇಳಲಿಲ್ಲ ನೋಡಿ.'

ಆ ಸೈಕಲ್ಲು ಮಲಗುವ ಕೋಣೆಯಲ್ಲಿ ಇರುತ್ತದೆ. ಹೆಂಡತಿಯ ಸ್ಕೂಟರು ಹೊರಗೆ ಮಳೆಯಲ್ಲಿ. 'ಅದಕ್ಕೆ ಬಿಸಿಲು ಆಗಲ್ಲ, ಧೂಳು ಆಗಲ್ಲ, ಥಂಡಿ ಆಗಲ್ಲ. ನಮ್ಮತ್ತೆ ಬಾಣಂತನದಲ್ಲಿ ನನಗೂ ಇಷ್ಟು ಪಥ್ಯ ಮಾಡಿಸಿರಲಿಲ್ಲ. ಶನಿವಾರ ರಾತ್ರಿ ಹಳೇ ಬ್ರಷ್ ಹಿಡಕೊಂಡು ಚೈನಿಗೆ ಹಲ್ಲುಜ್ಜುತ್ತಾರೆ. ಮಕ್ಕಳಿಗೆ ಒಂದು ದಿನ ಉಜ್ಜಿದ್ದು ನಾ ಕಾಣೆ.' ರಾಯರು ಇದನ್ನೆಲ್ಲ ಕೇಳಿಸಿಕೊಂಡೂ ಕೇಳದವರಂತೆ ಕೂತಿದ್ದರು. ಮಣಿಕಟ್ಟಿನ ವಾಚು ನೋಡಿಕೊಂಡು 'ನೋಡಿ, ಕೂತಾಗ ನನ್ನ ಹಾರ್ಟ್‌ರೇಟ್ 58' ಎಂದರು. ಹೆಂಡತಿ ಮಾತು ಮುಂದುವರಿಸಿದರು. ವಾಚು 91 ತೋರಿಸಿತು.

ತೂಕದ ವಿಷಯಕ್ಕೂ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಸ್ಪರ್ಧೆಯ ಸೈಕಲ್ಲು 6.8 ಕಿಲೋಗಿಂತ ಹಗುರ ಇರಕೂಡದು. ರಾಯರದು 7.9. ನೀರಿನ ಬಾಟಲಿ ಸಿಕ್ಕಿಸುವ ಕಡ್ಡಿಯಿಂದ ಹಿಡಿದು ಸೀಟಿನ ಕೊಳವೆಯವರೆಗೆ ಒಂದೊಂದೇ ಬದಲಿಸಿ, ಗ್ರಾಮಿಗೆ ಇಷ್ಟೆಂದು ದುಡ್ಡು ಸುರಿದು ಇಳಿಸುತ್ತಿದ್ದಾರೆ. ಎಲ್ಲಿ 6.8ರ ಕೆಳಗೆ ಇಳಿದು ಸ್ಪರ್ಧೆಗೆ ಅನರ್ಹವಾಗುತ್ತದೋ ಎಂಬ ಚಿಂತೆಯೂ ಉಂಟು. ಯಾವ ಸ್ಪರ್ಧೆ ಎಂದು ಗುಂಪಿನಲ್ಲಿ ಯಾರೂ ಕೇಳಿಲ್ಲ. ಅವರ ಹೆಂಡತಿ ಹೇಳುವುದು ಒಂದೇ: ಯುಗಾದಿಗೆ ಎರಡು ಹೋಳಿಗೆ ಬಿಟ್ಟಿದ್ದರೆ ಇನ್ನೂರು ಗ್ರಾಂ ಪುಕ್ಕಟೆ ಇಳಿಯುತ್ತಿತ್ತು.

ಇಂಥ ರಾಯರ ಪರಿಚಯ ಎಡವಿದ್ದು ತಿಪಟೂರಿನ ಒಂದು ಮದುವೆಯಲ್ಲಿ. ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದ ಅವರ ಸೋದರಮಾವ ನಿವೃತ್ತ ಹೆಡ್‌ಮಾಸ್ತರು, 80 ದಾಟಿದವರು. ರಾಯರು ಪಕ್ಕದಲ್ಲಿ ಕೂತು ಗಂಟಲು ಸರಿಮಾಡಿಕೊಂಡರು.

'ಮಾವ, ನಾನೀಗ ಸೈಕಲ್ ಹೊಡೀತಿದೀನಿ.'

ಮಾವ ಅಗಿಯುವುದನ್ನು ನಿಲ್ಲಿಸಿದರು. 'ಯಾಕೋ? ಕೆಲಸ ಹೋಯ್ತೇನೋ?'

'ಇಲ್ಲ ಮಾವ, ಕೆಲಸ ಇದೆ. ಕಾರೂ ಇದೆ. ಇದು ನನ್ನ ಹುಚ್ಚು.'

'ನಿಮ್ಮಮ್ಮಂಗೆ ಗೊತ್ತೇನೋ?'

ರಾಯರು ಮೊಬೈಲಿನಲ್ಲಿ ಸೈಕಲ್ಲಿನ ಫೋಟೋ ತೋರಿಸಿದರು. ಮಾವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಸ್ಟ್ಯಾಂಡ್ ಎಲ್ಲಿ ಎಂದರು. ಇಲ್ಲ. ಕ್ಯಾರಿಯರ್? ಇಲ್ಲ. ಮಡ್‌ಗಾರ್ಡು? ಚೈನ್ ಕವರು? ಡೈನಮೊ? ಹೋಗಲಿ, ಬೆಲ್ಲು? ಒಂದೂ ಇಲ್ಲ. ಮಾವ ಮೊಬೈಲು ವಾಪಸು ಕೊಟ್ಟು, ದನಿ ತಗ್ಗಿಸಿ ಕೇಳಿದರು: 'ಪೊಲೀಸ್ ಕಂಪ್ಲೇಂಟ್ ಕೊಟ್ಟೆಯೇನೋ? ಯಾರೋ ರಾತ್ರಿ ಎಲ್ಲಾ ಬಿಚ್ಚಿಕೊಂಡು ಹೋಗಿದಾರೆ.'

ಮಾವನವರೂ ಸೈಕಲ್ ತುಳಿದವರೇ. ಪಕ್ಕದಲ್ಲಿದ್ದ ನಾನು ಕೆದಕಿ ಕೆದಕಿ ಕೇಳಿದ್ದಕ್ಕೆ ಒಂದಿಷ್ಟು ಹೊರಬಿತ್ತು. ಪುರಸಭೆಗೆ ವರ್ಷವರ್ಷ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಬೇಕಿತ್ತು. ಬಿಲ್ಲೆ ಇಲ್ಲದಿದ್ದರೆ ಸೈಕಲ್ ಹಿಡಿದಿಟ್ಟುಕೊಳ್ಳುತ್ತಿದ್ದರು. ಹೊತ್ತು ಮುಳುಗಿದ ಮೇಲೆ ದೀಪ ಇಲ್ಲದೆ ಹೋದರೂ ಪೊಲೀಸರು ಹಿಡಿಯುತ್ತಿದ್ದರು, ಡಬಲ್ಸ್ ಹೋದರೂ ಹಿಡಿಯುತ್ತಿದ್ದರು. ಸೀಟಿಯ ಸದ್ದು ಕೇಳಿದೊಡನೆ ಹಿಂದೆ ಕೂತ ಹೆಂಡತಿ ಕೆಳಕ್ಕೆ ಹಾರಿ ಅಪರಿಚಿತಳ ಹಾಗೆ ರಸ್ತೆಯ ಬದಿಗೆ ನಡೆಯಬೇಕು, ಮೇಷ್ಟರು ಸೈಕಲ್ ತಳ್ಳಿಕೊಂಡು ದೇವರ ಧ್ಯಾನದಲ್ಲಿ ಹೋಗಬೇಕು. ರಾಗಿ ಮೂಟೆ, ಸೀಮೆಎಣ್ಣೆ ಡಬ್ಬ, ಪರೀಕ್ಷೆಯ ಉತ್ತರಪತ್ರಿಕೆ, ಜ್ವರ ಬಂದ ಮಗು ಎಲ್ಲ ಅದರ ಮೇಲೆಯೇ.

'ಎಷ್ಟು ವರ್ಷ ಹೊಡೆದಿರಿ?' ಎಂದೆ.

'ಲೂನಾ ಬರೋವರೆಗೆ' ಎಂದರು. 'ಲೂನಾ ಬಂದ ದಿನ ಸೈಕಲ್ಲನ್ನ ಅಟ್ಟಕ್ಕೆ ಹಾಕಿ, ಉಸ್ಸಪ್ಪಾ ಅಂತ ಕೂತೆ. ಸೈಕಲ್ ಬಿಟ್ಟು ಮನುಷ್ಯ ಆಗೋಕೆ ನನಗೆ ಇಷ್ಟು ಕಾಲ ಹಿಡೀತು. ಇವನು ನೋಡಿದರೆ ಲಕ್ಷ ಕೊಟ್ಟು ಹತ್ತಿದಾನೆ.'

ರಾಯರು ಸೋಲುವವರಲ್ಲ. ಮುಂದಿನ ಭಾನುವಾರದ ಪರಿಚಯದಲ್ಲಿ 'ನಮ್ಮದು ಸೈಕಲ್ಲಿನ ವಂಶ, ನಮ್ಮ ಮಾವ ಇಂದಿಗೂ ನೆನೆಯುತ್ತಾರೆ' ಎಂಬ ವಾಕ್ಯ ಸೇರಿತ್ತು.

ಶೂ ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಹಾಕಿಸಿದ ಮೇಲೆ ಪರಿಚಯಕ್ಕೆ ಮತ್ತೊಂದು ಅಧ್ಯಾಯ ಬಂತು. ಹಿಮ್ಮಡಿ ಹೊರಕ್ಕೆ ತಿರುಚಿದರೆ ಮಾತ್ರ ಶೂ ಬಿಡಿಸಿಕೊಳ್ಳುತ್ತದೆ. ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಾಗ ಆ ಮಾತು ನೆನಪಾಗುವುದು ನೆಲ ತಲುಪಿದ ಮೇಲೆ. ರಾಯರು ಯಲಹಂಕದ ಸಿಗ್ನಲ್ಲಿನಲ್ಲಿ, ಪೂರಾ ನಿಂತ ಸೈಕಲ್ಲಿನಿಂದ, ಕಡಿದ ಬಾಳೆಯ ಗಿಡದ ಗಾಂಭೀರ್ಯದಲ್ಲಿ ಎಡಕ್ಕೆ ಒರಗಿದರು. ಪಕ್ಕದ ಆಟೋದವನು ಇಳಿದು ಬಂದು ಎತ್ತಿ ಕೂರಿಸಿ, ನಿಜವಾದ ಕುತೂಹಲದಿಂದ ಕೇಳಿದ: 'ಸಾರ್, ಯಾರೂ ಗುದ್ದಲಿಲ್ಲ, ಗಾಡಿ ನಿಂತಿತ್ತು. ಹೆಂಗ್ ಸಾರ್ ಬಿದ್ರಿ?'

ಇಷ್ಟರಲ್ಲಿ ರಾಯರು ಬಿಆರ್‌ಎಂ ಎಂಬ ವ್ರತ ಹಿಡಿದರು. ಪ್ಯಾರಿಸ್ಸಿನ ಒಂದು ಕ್ಲಬ್ಬು ಮಾಡಿಟ್ಟ ಕಟ್ಟಳೆ: 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 300ನ್ನು 20 ಗಂಟೆಯಲ್ಲಿ, 400ನ್ನು 27ರಲ್ಲಿ, 600ನ್ನು 40ರಲ್ಲಿ ಮುಗಿಸಬೇಕು. ಒಂದೇ ಋತುವಿನಲ್ಲಿ ನಾಲ್ಕನ್ನೂ ಮುಗಿಸಿದವರು ಸೂಪರ್ ರಾಂದನೂರ್. ಇದರಲ್ಲಿ ಮೊದಲನೆಯವರು, ಕೊನೆಯವರು ಎಂದಿಲ್ಲ, ಬಹುಮಾನವಿಲ್ಲ. ಪದಕ ಬೇಕೆಂದರೆ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು. 1891ರಲ್ಲಿ ಶುರುವಾಗಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಗೆ, ಅಂದರೆ 90 ಗಂಟೆಯಲ್ಲಿ 1,200 ಕಿಲೋಮೀಟರಿಗೆ, ಹೋಗಬೇಕಾದವರು ಈ ಮೆಟ್ಟಿಲು ಹತ್ತಲೇಬೇಕು. ಮುಂದಿನದು 2027ರಲ್ಲಿ. ರಾಯರ ಪಾಸ್‌ಪೋರ್ಟು ಈಗಲೇ ನವೀಕರಣವಾಗಿದೆ. ಮೊಣಕಾಲಿನದು ಬಾಕಿ.

ದಾರಿಯಲ್ಲಿ ನಿಗದಿಯಾದ ಊರನ್ನು ಮುಟ್ಟಿದ್ದಕ್ಕೆ ಪುರಾವೆ ಬೇಕು. ನಮ್ಮಲ್ಲಿ ಅದಕ್ಕೆ ಎಟಿಎಂ ಚೀಟಿ ನಡೆಯುತ್ತದೆ, ಊರು ಮತ್ತು ಹೊತ್ತು ಎರಡೂ ಅಚ್ಚಾಗಿರುತ್ತದಲ್ಲ. ಹೀಗಾಗಿ ಒಂದು ನಡುರಾತ್ರಿ ತುಮಕೂರು ದಾಟಿ ಶಿರಾ ಹತ್ತಿರದ ಎಟಿಎಂ ಒಳಗೆ ಹೆಲ್ಮೆಟ್ ತೊಟ್ಟ, ಎದೆಗೆ ಹೊಳೆಯುವ ಪಟ್ಟಿ ಕಟ್ಟಿದ, ಕ್ಲೀಟಿನ ಶೂನಲ್ಲಿ ಟಕಟಕ ನಡೆಯುವ ರಾಯರು ನುಗ್ಗಿದರು. ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಕಾವಲಿನವನು ಎದ್ದು ದೊಣ್ಣೆ ಹಿಡಿದ. ಆಮೇಲೆ ನಡೆದದ್ದನ್ನು ರಾಯರೇ ಹೇಳುತ್ತಾರೆ.

'ದುಡ್ಡು ಬರ್ಲಿಲ್ವಾ ಸಾರ್?'

'ದುಡ್ಡು ಬೇಡಪ್ಪ. ಚೀಟಿ ಬೇಕು.'

'ಚೀಟಿಗೆ ಪೇಪರ್ ಖಾಲಿ ಸಾರ್. ಮೂರು ದಿನ ಆಯ್ತು. ದುಡ್ಡು ಬೇಕಾದ್ರೆ ಎಷ್ಟು ಬೇಕಾದ್ರೂ ಬರ್ತದೆ.'

150 ಕಿಲೋಮೀಟರಿಗೆ ಅಳದ ರಾಯರ ಕಣ್ಣು ಅಲ್ಲಿ ತುಂಬಿತು. ಕಾವಲಿನವನಿಗೆ ಕರುಳು ಚುರ್ ಎಂದು, ಎದುರಿನ ಡಾಬಾದಲ್ಲಿ ಬಿಲ್ ಕೊಡುತ್ತಾರೆ ಎಂದು ತೋರಿಸಿದ. ಬರೀ ಬಿಲ್ ಕೊಡುವುದಿಲ್ಲ ಎಂದು ಡಾಬಾದವನು. ಸರಿ, ಬಿಲ್ಲಿಗಾಗಿ ಪರೋಟ ಬಂತು, ಪರೋಟಕ್ಕಾಗಿ ಪನೀರ್ ಬಂತು, ಬಂದದ್ದನ್ನು ಬಿಡಬಾರದೆಂದು ರಾಯರು ಎರಡನ್ನೂ ಮುಗಿಸಿದರು. ಕೊನೆಯ ಗಡುವಿಗೆ ಹನ್ನೊಂದು ನಿಮಿಷ ಇರುವಾಗ ಸವಾರಿ ಮುಗಿಯಿತು. ಆ ಪನೀರಿನ ಬಿಲ್ಲಿನ ಫೋಟೋಕ್ಕೆ ಕಟ್ಟು ಹಾಕಿಸಿ ಹಾಲಿನಲ್ಲಿ, ಮದುವೆಯ ಫೋಟೋದ ಪಕ್ಕಕ್ಕೆ ತೂಗುಹಾಕಿದ್ದಾರೆ.

ದೇವನಹಳ್ಳಿ ರಸ್ತೆಯ ಟೀ ಅಂಗಡಿಯಲ್ಲಿ ಗುಂಪು ನಿಂತಾಗ ರಾಯರು ಸ್ಥಳೀಯರ ಪರಿಚಯವನ್ನೂ ಕೇಳುವುದುಂಟು. ಹಿಂದಿನ ಎರಡು ಬದಿಗೆ ಕ್ಯಾನು ನೇತುಹಾಕಿಕೊಂಡ ಹೀರೋ ಸೈಕಲ್ಲಿನ ಅಜ್ಜ ಒಬ್ಬರು ಟೀ ಕುಡಿಯುತ್ತಿದ್ದರು. 'ದಿನಾ ಎಷ್ಟು ಮಾಡ್ತೀರಿ ಯಜಮಾನ್ರೇ?' ಎಂದರು ರಾಯರು. 'ಒಂದು ನಲವತ್ತು ಆಯ್ತದೆ' ಎಂದರು ಅಜ್ಜ. ರಾಯರು ಹುಬ್ಬೇರಿಸಿದರು. 'ದಿನಾ ನಲವತ್ತು ಕಿಲೋಮೀಟರಾ!' ಅಜ್ಜ ಲೋಟ ಇಟ್ಟು ಎದ್ದರು. 'ಲೀಟ್ರು.'

ಇನ್ನು ವಿಜಯಪುರದ ಹುಡುಗನ ವಿಷಯ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗಿನಲ್ಲಿ ಪದಕ ತರುವುದು ಎಷ್ಟೋ ಕಾಲದಿಂದ ನಡೆದುಬಂದಿದೆ. ಸೈಕ್ಲಿಂಗಿಗೆಂದೇ ಅಲ್ಲಿ ಸರ್ಕಾರದ ಕ್ರೀಡಾ ವಸತಿ ನಿಲಯವೂ ಇದೆ. ಈ ಹುಡುಗ ಪದಕದವನಲ್ಲ. ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದವನು. ಯಾರಿಂದಲೋ ಕೊಂಡ ಹಳೆಯ ಸೈಕಲ್ಲು, ಹ್ಯಾಂಡಲಿಗೆ ಸುತ್ತಿದ ಟೇಪು ಕಿತ್ತುಬಂದು ಜೋತಾಡುತ್ತಿತ್ತು, ಕಾಲಿಗೆ ಕ್ಯಾನ್ವಾಸ್ ಶೂ. ಅವನು ಗುಂಪಿಗೆ ಬಂದ ಭಾನುವಾರ ಅವನೊಬ್ಬನೇ ಹೊಸಬ. ರಾಯರ 1817 ಮುಗಿದು, ಉಳಿದವರ ವರದಿಗಳು, ಮಂಡಿನೋವುಗಳು, ಆಮ್‌ಸ್ಟರ್‌ಡ್ಯಾಮಿಗೆ ಕಂಪನಿ ಕೆಲಸದ ಮೇಲೆ ಹೋಗಿ ಕಣ್ಣು ತೆರೆದ ಕಥೆಗಳು ಎಲ್ಲ ಮುಗಿದು ಅವನ ಸರದಿ ಬಂತು.

'ನಾ ವಿಜಾಪುರ ಕಡೆಯಾಂವ್ರಿ. ನಮ್ಮೂರಿಂದ ಸಾಲಿ ಆರು ಕಿಲೋಮೀಟರ್ ಇತ್ರಿ. ಬಸ್ ಇದ್ದಿದ್ದಿಲ್ರಿ. ಎಂಟನೇತ್ತಾಗ ಸರ್ಕಾರದ ಸೈಕಲ್ ಕೊಟ್ರಿ.'

ಎಲ್ಲರೂ ಕಾದರು. ಹುಡುಗನೂ ಕಾದ.

'ಆಮೇಲೆ?' ಎಂದರು ರಾಯರು.

'ಆಮೇಲೆ ಸಾಲಿ ಮುಟ್ಟಿದೆರಿ.'

2006-07ರಿಂದ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಡುತ್ತಾ ಬಂದಿದ್ದ ಸೈಕಲ್ಲುಗಳಲ್ಲಿ ಅವನದೂ ಒಂದು. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಬಂದ ತಿಂಗಳೇ ಸಡಿಲಾಗುವ ಬ್ರೇಕು. ರಾಯರಿಗೆ ಇಷ್ಟರಲ್ಲಿ ಸಮಾಧಾನವಾಗಲಿಲ್ಲ. ಕಥೆಯ ಬೇರು ಸಿಗಬೇಕು ಎಂದು ಕೆದಕಿದರು: 'ಅದೆಲ್ಲ ಸರಿ. ನಿನ್ನ ಪ್ಯಾಶನ್ ಹೇಗೆ ಶುರುವಾಯ್ತು?'

'ಪ್ಯಾಶನ್ ನಮ್ಮ ಕಾಕಾಂದ್ರಿ. ನಮ್ಮದಲ್ರಿ.' ಹುಡುಗ ಸ್ವಲ್ಪ ಯೋಚಿಸಿ ಸೇರಿಸಿದ. 'ಥಂಡ್ಯಾಗ ಶುರುನ ಆಗತಿದ್ದಿಲ್ರಿ. ನಾಕು ಕಿಕ್ ಹೊಡಿಬೇಕಾಗತಿತ್ರಿ.'

ಅಂದಿನ ಸವಾರಿ ನಂದಿ ಬೆಟ್ಟಕ್ಕೆ. ಅದು ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಬುಡದಿಂದ ಸುಮಾರು 8 ಕಿಲೋಮೀಟರ್ ಏರು, ಬಳುಕುವ ತಿರುವುಗಳು 40 ಎಂದು ಎಣಿಸಿದವರ ಲೆಕ್ಕ. ರಾಯರು ಹತ್ತನೆಯ ತಿರುವಿನ ಆಸುಪಾಸಿನಲ್ಲಿ ಪ್ರಕೃತಿ ಸೌಂದರ್ಯ ಸವಿಯಲು ನಿಲ್ಲುತ್ತಾರೆ. ಹದಿನೆಂಟರಲ್ಲಿ ಇನ್ನೊಂದು ಫೋಟೋ, ಇಪ್ಪತ್ತೈದರಲ್ಲಿ ಟೈರಿನ ಗಾಳಿ ನೋಡುವುದು, ಮೂವತ್ತರ ಮೇಲೆ ಕೋತಿಗಳ ಜೊತೆ ಸಂಭಾಷಣೆ. ಮೊಬೈಲಿನ ಆ್ಯಪಿನಲ್ಲಿ ಇದು ಯಾವುದೂ ಕಾಣುವುದಿಲ್ಲ. ನಿಂತ ಹೊತ್ತನ್ನು ಕಳೆದು ಬರೀ ಚಲಿಸಿದ ಹೊತ್ತನ್ನು ತೋರಿಸುವ ದಯೆ ಆ ಯಂತ್ರಕ್ಕಿದೆ. ಅಂದು ಎಲ್ಲರೂ ಬೆವರು ಸುರಿಸುತ್ತಾ ಮೇಲೆ ಮುಟ್ಟಿದಾಗ ಹುಡುಗ ಕ್ಯಾನ್ವಾಸ್ ಶೂ ಬಿಚ್ಚಿ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಸಿಪ್ಪೆಯ ರಾಶಿ ನೋಡಿದರೆ ಬಂದು ಬಹಳ ಹೊತ್ತಾದಂತಿತ್ತು.

ರಾಯರು ದೊಡ್ಡ ಮನಸ್ಸಿನವರು. ಹುಡುಗನ ಬೆನ್ನು ತಟ್ಟಿದರು. ಉಸಿರು ಸ್ವಸ್ಥಾನಕ್ಕೆ ಬಂದ ಮೇಲೆ ಹೇಳಿದರು: 'ಹೊಡಿಯೋದು ಪರವಾಗಿಲ್ಲಪ್ಪ. ಪರಿಚಯ ಬಹಳ ವೀಕು.' ಅಲ್ಲಿಂದ ಇಳಿಯುವವರೆಗೂ ಅವನ ಪಕ್ಕದಲ್ಲೇ ಇದ್ದು ತಿದ್ದಿದರು. ಶಾಲೆ ಮುಟ್ಟಿದೆ ಎಂದು ಮುಗಿಸಬಾರದು. ದಾರಿ ಹೇಗಿತ್ತು, ಬಿಸಿಲು ಹೇಗಿತ್ತು, ಅವ್ವ ಏನು ಬುತ್ತಿ ಕಟ್ಟಿದ್ದಳು, ಮಳೆಗಾಲದಲ್ಲಿ ಏನಾಗುತ್ತಿತ್ತು? ಹುಡುಗ 'ಹೂಂರಿ, ಹೂಂರಿ' ಎನ್ನುತ್ತಾ ಕೇಳಿಸಿಕೊಂಡ. ಹುಡುಗ ಜಾಣ.

ಮಳೆಗಾಲ ಕಳೆಯುವ ಹೊತ್ತಿಗೆ ಅವನ ಶಾಲೆ ಆರು ಕಿಲೋಮೀಟರಿನಿಂದ ಒಂಬತ್ತಕ್ಕೆ ಸರಿಯಿತು. ದೀಪಾವಳಿಗೆ ಹನ್ನೆರಡು. ಡೋಣಿ ಹೊಳೆ ತುಂಬಿ ಹರಿಯುವಾಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಎದೆಮಟ ನೀರಿನಲ್ಲಿ, ಪಾಟಿಚೀಲವನ್ನು ಹಲ್ಲಿನಲ್ಲಿ ಕಚ್ಚಿ ದಾಟಿದ ಪ್ರಸಂಗವನ್ನು ಅವನು ತನ್ನ ಕಡೆಯ ಮಾತಿನಲ್ಲಿ ಹೇಳುವುದನ್ನು ಕೇಳಬೇಕು. ಬ್ಯಾಂಕಿನ ಒಬ್ಬ ಮೇಡಂ ಕಣ್ಣೊರೆಸಿಕೊಂಡರು. ಬುತ್ತಿಯಲ್ಲಿ ಇದ್ದದ್ದು ಕಟಕ ರೊಟ್ಟಿ, ಶೇಂಗಾ ಹಿಂಡಿ. ಅದು ಮಾತ್ರ ಮೊದಲಿನಿಂದ ಬದಲಾಗಿಲ್ಲ. ಈಗ ಹೊಸಬರು ಬಂದರೆ ಸುತ್ತುವರಿಯುವುದು ಅವನನ್ನು. 1817 ಕೇಳುವವರು ಕಡಿಮೆಯಾಗಿದ್ದಾರೆ.

ರಾಯರು ಎರಡು ವಾರ ಗಂಭೀರವಾಗಿದ್ದರು. ಮೂರನೆಯ ಭಾನುವಾರ ಅವರು ಬೀಳುವ ತಿಪಟೂರಿನ ಕೆರೆಗೆ ನೀರು ಬಂತು. ಸಾಧಾರಣ ನೀರಲ್ಲ, ಕೋಡಿ ಬಿದ್ದಿತ್ತು. ಅಪ್ಪನ ಅಟ್ಲಾಸನ್ನು ಬಿಡದೆ ಹಿಡಿದುಕೊಂಡು ಈಜಿ ದಡ ಸೇರುವ ಹೊತ್ತಿಗೆ ಹೆಬ್ಬಾಳದಲ್ಲಿ ಏಳು ಗಂಟೆ ಹೊಡೆಯುತ್ತದೆ. ಅದರ ಮೇಲೆ ಹುಡುಗ ಡೋಣಿ ಬೇರೆ ದಾಟಬೇಕು. ಅಷ್ಟು ಹೊತ್ತಿಗೆ ಬಿಸಿಲೇರಿ, ವಿಮಾನನಿಲ್ದಾಣದ ರಸ್ತೆಯಲ್ಲಿ ಟ್ಯಾಕ್ಸಿಗಳು ತುಂಬಿ, ನಂದಿಯ ಮಾತೇ ಇಲ್ಲ. ಈಚೆಗೆ ಗುಂಪು ದೇವನಹಳ್ಳಿಯಲ್ಲೇ ಇಡ್ಲಿ ವಡೆ ತಿಂದು, ಎರಡನೆಯ ಕಾಫಿ ಕುಡಿದು ವಾಪಸು ಬರುತ್ತಿದೆ. ಹೊಸಬರು ಮಾತ್ರ ಹಿಂದಿಗಿಂತ ಹೆಚ್ಚು ಸೇರುತ್ತಿದ್ದಾರೆ. ಕೆಲವರು ಸೈಕಲ್ ಇಲ್ಲದೆಯೂ.